ಅಕ್ಕಚ್ಚಿನ ಡಬರಿ

ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಬಹಳ ವರ್ಷಗಳಿಂದ ಒಂದು ಸ್ಟೀಲಿನ ಡಬರಿ ಇತ್ತು. ಅಗಲ ಬಾಯಿ, ಎರಡು ಕಿವಿ, ಒಂದು ಮಗ್ಗುಲಲ್ಲಿ ಸಣ್ಣ ತಗ್ಗು. ಅಕ್ಕಿ ತೊಳೆದ ಅಕ್ಕಚ್ಚು, ಬೇಳೆ ತೊಳೆದ ನೀರು, ಸೊಪ್ಪು ಜಾಲಿಸಿದ ನೀರು, ಬಂದವರು ಅರ್ಧ ಕುಡಿದು ಬಿಟ್ಟ ಲೋಟದ ನೀರು, ಎಲ್ಲಕ್ಕೂ ಅದೇ ಆಶ್ರಯ. ಸಂಜೆ ಆರರ ಹೊತ್ತಿಗೆ, ನಾಗಪುರದ ಬಿಸಿಲು ಗೋಡೆಯನ್ನು ಬಿಟ್ಟರೂ ಗೋಡೆ ಬಿಸಿಲನ್ನು ಬಿಡದ ಆ ಗಳಿಗೆಯಲ್ಲಿ, ನಾನು ಎರಡೂ ಕಿವಿ ಹಿಡಿದು ಅದನ್ನೆತ್ತಿ, ಹೊಸ್ತಿಲು ದಾಟುವಾಗ ತುಸು ಚೆಲ್ಲಿ, ಹೆಂಡತಿಯ ಬೈಗುಳವನ್ನು ಬೆನ್ನಿಗೆ ಹೊತ್ತುಕೊಂಡು ಅಂಗಳದ ಹೂಪಾತಿಗೆ ಒಯ್ಯುತ್ತಿದ್ದೆ.

ಇದನ್ನು ಕಂಡವರು ನನ್ನನ್ನು ಹೊಗಳಿದ್ದುಂಟು. ನೀರಿನ ಬೆಲೆ ಬಲ್ಲವನು ಎಂದರು, ಮಕ್ಕಳಿಗೆ ಇಂಥವರನ್ನು ತೋರಿಸಬೇಕು ಎಂದರು. ಹೊಗಳಿಕೆ ಕೇಳಿ ನಾನು ತಲೆ ತಗ್ಗಿಸಿದರೆ ಅದನ್ನೂ ವಿನಯವೆಂದು ತಿಳಿದರು. ಓದುತ್ತಿರುವ ನೀವು ನನಗೆ ಅಪರಿಚಿತರು. ಆದ್ದರಿಂದಲೇ ನಿಮ್ಮೊಡನೆ ಸ್ನೇಹಿತನಂತೆ ಮಾತಾಡುವುದು ಸುಲಭ. ಅಕ್ಕಚ್ಚನ್ನು ಚೆಲ್ಲದೆ ಗಿಡಕ್ಕೆ ಹಾಕುವ ಈ ರೂಢಿ ನನ್ನದಲ್ಲ. ನಾನು ಅದನ್ನು ಒಬ್ಬರ ಮನೆಯಲ್ಲಿ ನೋಡಿ ಕಲಿತೆ, ಮತ್ತು ಕಲಿತ ಮೇಲೆ ಆ ಮನೆಯ ಪಾತಿಯನ್ನು ಒಣಗಿಸಿದೆ. ಅದನ್ನು ಹೇಳಲೆಂದೇ ಕುಳಿತಿದ್ದೇನೆ. ಆದರೆ ನನ್ನಂಥವರಿಗೆ ಎದುರಿನ ಬಾಗಿಲಿಂದ ಒಳಗೆ ಬರುವುದು ಕಷ್ಟ. ಮೊದಲು ಹೂವಿನ ಮಾತು ಆಡುತ್ತೇನೆ.

ಈ ಊರಿನಲ್ಲಿ ಹೂಪಾತಿ ಇಟ್ಟುಕೊಂಡವರಿಗೆಲ್ಲ ಒಂದೇ ವ್ಯಥೆ. ದೀಪಾವಳಿ ಕಳೆದು ಥಂಡಿ ಇಳಿದರೆ ಸಾಕು, ಏನು ನೆಟ್ಟರೂ ಬರುತ್ತದೆ. ಸೇವಂತಿಗೆ, ಡೇಲಿಯಾ, ಪೆಟೂನಿಯಾ, ಫ್ಲಾಕ್ಸ್. ಜನವರಿಯಲ್ಲಿ ಗೋಡೆಯ ಬದಿಯಲ್ಲಿ ಮಣ್ಣೇ ಕಾಣಿಸದು. ಮನೆಯ ಒಡೆಯ ತನ್ನ ಕೈಗುಣವೆಂದು ತಿಳಿಯುತ್ತಾನೆ. ಹೋಳಿ ಮುಗಿಯುತ್ತಿದ್ದಂತೆ ಪೆಟೂನಿಯಾ ಕಡ್ಡಿಯಾಗುತ್ತದೆ, ಫ್ಲಾಕ್ಸ್ ಹುಲ್ಲಾಗುತ್ತದೆ, ಡೇಲಿಯಾ ನೆಲದೊಳಗೆ ಅಡಗುತ್ತದೆ. ಏಪ್ರಿಲ್ ಹದಿನೈದರ ಸುಮಾರಿಗೆ ಪಾತಿಯ ನಡುನಡುವೆ ಬೋಳು ತೇಪೆಗಳು ಏಳುತ್ತವೆ. ಅಲ್ಲಿಂದ ಮಳೆ ಬೀಳುವವರೆಗೆ ಎರಡು ತಿಂಗಳು, ನಡುವೆ ನವತಪಾ ಎಂದು ಇಲ್ಲಿಯವರು ಕರೆಯುವ ಆ ಒಂಬತ್ತು ದಿನ, ಹಕ್ಕಿಯೂ ಕೂಲರಿನ ಹಿಂದೆ ಬಂದು ಕೂರುವ ದಿನಗಳು. ಆ ತೇಪೆಗಳನ್ನು ಹೂವಿನಿಂದ ತುಂಬುವುದು ಹೇಗೆ ಎಂದು ನಾಗಪುರದ ಕನ್ನಡಿಗರಲ್ಲಿ ಹತ್ತಾರು ಮಂದಿ ನನಗೆ ಫೋನು ಮಾಡುತ್ತಾರೆ. ನಾನು ಕಲಿತದ್ದು ಹೈಸ್ಕೂಲಿನವರೆಗೆ. ಸಸ್ಯಶಾಸ್ತ್ರ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷ ಒಂದು ಕಾರ್ಖಾನೆಯ ಕಾಲೊನಿಯಲ್ಲಿ ಪಂಪ್‌ಹೌಸ್ ನೋಡಿಕೊಂಡವನು, ನೀರು ಮಾತ್ರ ಗೊತ್ತು.

ನಾನು ಹೇಳುವುದು ಹೆಚ್ಚೇನಿಲ್ಲ. ಮೊದಲು ಪಾತಿಯ ಮುಂದೆ ಒಂದು ದಿನ ಸುಮ್ಮನೆ ಕೂತು ಯಾವ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಎಂದು ನೋಡಿ. ಗೋಡೆಗೆ ಅಂಟಿಸಿ ಏನನ್ನೂ ಹಚ್ಚಬೇಡಿ. ಪಶ್ಚಿಮದ ಬಿಸಿಲು ತಿಂದ ಗೋಡೆ ಕತ್ತಲಾದ ಮೇಲೂ ರೊಟ್ಟಿ ಹಂಚಿನಂತೆ ಇರುತ್ತದೆ, ಒಂದು ಗೇಣು ಬಿಡಿ. ಮುಂದಿನ ಅಂಚಿಗೆ ಪೋರ್ಚುಲಾಕಾ. ಕಡ್ಡಿ ಮುರಿದು ಚುಚ್ಚಿದರೆ ವಾರದಲ್ಲಿ ಬೇರು. ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆದು ಮೂರಕ್ಕೆ ಮುಚ್ಚುವ ಹೂವು, ಬ್ಯಾಂಕಿನವರಿಗೆ ತಕ್ಕದ್ದು. ಅದರ ಹಿಂದೆ ಜಿನಿಯಾ. ಸಸಿ ಕೊಳ್ಳಬೇಡಿ, ಸೀತಾಬರ್ಡಿ ಪೇಟೆಯಿಂದ ಬೀಜ ತಂದು ಮಾರ್ಚಿನಲ್ಲಿ ನೆಲಕ್ಕೇ ಹಾಕಿ. ಬುಡಕ್ಕೆ ನೀರು, ಎಲೆಗೆ ಬೇಡ, ಎಲೆ ನೆನೆದರೆ ಬೂದಿ ಬಳಿದಂತಾಗುತ್ತದೆ. ಗ್ಯಾಲಾರ್ಡಿಯಾಕ್ಕೆ ಹಳದಿ ಕೆಂಪಿನ ಮೈ, ಬಿಸಿಲೆಂದರೆ ಅದಕ್ಕೆ ತವರು. ಗೊಂಫ್ರೀನಾ ಎಂಬ ಗುಂಡುಹೂವು ಗಿಡದಲ್ಲೇ ಒಣಗಿದರೂ ಬಣ್ಣ ಬಿಡದು. ಬದುಕಿದೆಯೋ ಸತ್ತಿದೆಯೋ ಎಂದು ಮುಟ್ಟಿಯೇ ತಿಳಿಯಬೇಕು. ಕೈ ನಡುಗುವವರಿಗೆ, ಮರೆಯುವವರಿಗೆ ಸದಾಫುಲಿ, ನಮ್ಮ ಕಡೆಯ ಕಾಶಿ ಕಣಗಿಲ; ಸಿಮೆಂಟಿನ ಬಿರುಕಿನಲ್ಲಿ ಬಿದ್ದ ಬೀಜವೂ ಅಲ್ಲೇ ಸಂಸಾರ ಹೂಡುತ್ತದೆ. ಮೂಲೆಗೆ ಕಾಗದದ ಹೂ ಇದ್ದರೆ ನೀರು ಕಡಿಮೆ ಮಾಡಿ, ಅದು ಕಡಿಮೆ ಕೊಟ್ಟಷ್ಟೂ ಹೆಚ್ಚು ಹೂ ಬಿಡುತ್ತದೆ. ಸಸಿ ನೆಡುವುದು ಸಂಜೆ, ಮೊದಲ ನಾಲ್ಕು ದಿನ ಮೇಲೆ ಹಳೆಯ ಸೀರೆಯ ನೆರಳು.

ಇಷ್ಟು ಹೇಳಿ ಫೋನು ಇಡುತ್ತೇನೆ. ಯಾರಿಗೂ ಹೇಳದ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಆ ಬೋಳು ಜಾಗ ಬೇಸಿಗೆಯಲ್ಲಿ ಹುಟ್ಟಿದ್ದಲ್ಲ. ಜನವರಿಯಲ್ಲೂ ಅದು ಅಲ್ಲೇ ಇತ್ತು, ಪಕ್ಕದ ಗಿಡದ ಎಲೆಗಳು ಅದರ ಮೇಲೆ ಚಾಚಿಕೊಂಡಿದ್ದವು ಅಷ್ಟೆ. ಮನುಷ್ಯನಿಗೂ ನೌಕರಿಯ ಕಾಲ, ಸಂಸಾರದ ಗದ್ದಲ, ಹಬ್ಬ ಹುಣ್ಣಿಮೆಗಳ ಎಲೆ ಚಾಚಿಕೊಂಡಿರುವಾಗ ತನ್ನ ಬೋಳು ಕಾಣಿಸದು. ನಿವೃತ್ತಿಯೆಂಬ ಬೇಸಿಗೆ ಬಂದಾಗ ಒಂದೊಂದೇ ಕಾಣುತ್ತದೆ.

ಈ ಸಲದ ಸಂಕ್ರಮಣಕ್ಕೆ ಇಲ್ಲಿಯ ಕನ್ನಡಿಗರು ಸೇರಿದ್ದಾಗ, ಕುಸುರೆಳ್ಳಿನ ಸಣ್ಣ ಪೊಟ್ಟಣ ಹಿಡಿದು ನಿಂತಿದ್ದ ನನ್ನೆದುರು ಎಂಬತ್ತರ ಮುದುಕಿಯೊಬ್ಬರು ಬಂದು ಕನ್ನಡಕ ಸರಿಮಾಡಿಕೊಂಡರು. "ಪಂಪ್‌ಹೌಸಿನ ಶಿವಪ್ಪ ಅಲ್ಲೇನು ನೀ? ನಾ ಸೀ ಲೈನಿನ ನೀಲಕ್ಕ. ಗುರುತು ಹತ್ತಲಿಲ್ಲೇನೋ ತಮ್ಮಾ, ಹಂಗ ಯಾಕ ನೋಡತಿ?" ಎಂದರು. ಗುರುತು ಹತ್ತಿತ್ತು. ಅದಕ್ಕೇ ಹಾಗೆ ನೋಡುತ್ತಿದ್ದೆ.

ಮಾರ್ಚಿನಲ್ಲಿ ಅವರ ಫೋನು ಬಂತು.

"ಶಿವಪ್ಪಾ, ಮಗಳು ಲಕ್ಷ್ಮೀ ನಗರದಾಗ ಮನಿ ತಗೊಂಡಾಳ. ಗ್ವಾಡಿ ಬಾಜೂಕ ಒಂದು ಪಾತಿ ಐತಿ. ಥಂಡ್ಯಾಗ ಚಲೋ ಇತ್ತು, ಈಗ ಹಲ್ಲು ಬಿದ್ದ ಬಾಯಿ ಆಗೇತಿ, ಥೇಟ್ ನನ್ನ ಬಾಯಿ ಹಂಗ. ಬ್ಯಾಸಗಿಗೆ ಏನು ಹಚ್ಚಬೇಕು ಬಂದು ನೋಡು."

"ನಿಮಗ ನಾ ಏನು ಹೇಳೂದ್ರಿ ಅಕ್ಕಾರ? ನೀವ ನಮಗೆಲ್ಲಾ ಹೇಳಿಕೊಟ್ಟವ್ರು."

"ಅದೆಲ್ಲಾ ಆವಾಗ. ಮೂವತ್ತು ವರ್ಷದ ಮ್ಯಾಲ ಆತು, ನಾ ಒಂದು ಕಡ್ಡಿ ನೆಲಕ್ಕ ಚುಚ್ಚಿಲ್ಲ. ಈಗ ಯಾಕೋ ಹಚ್ಚಬೇಕು ಅನ್ನಸೇತಿ. ಜಲ್ದಿ ಬಾ, ಬಿಸಲು ಏರೂದ್ರಾಗ."

ನಾನು ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೆ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಿಂದಲೇ ಕೇಳಿದಳು, "ನೀಲಕ್ಕನ?" ನಾನು ಹೂಂ ಎಂದೆ. ಡಬರಿಯನ್ನು ಕಾಲಿನಿಂದ ಸಿಂಕಿನ ಕೆಳಗೆ ತುಸು ಒಳಗೆ ತಳ್ಳಿದ ಸದ್ದು ಕೇಳಿಸಿತು.

ಇನ್ನು ಎದುರಿನ ಬಾಗಿಲಿಂದ ಬರಲೇಬೇಕು.

ಕಾಲೊನಿ ಊರ ಹೊರಗೆ ಇತ್ತು. ಸಾಲು ಸಾಲು ಕ್ವಾರ್ಟರ್ಸು, ಎ ಇಂದ ಎಫ್‌ವರೆಗೆ ಆರು ಲೈನು. ಸೀ ಲೈನಿನ ಕೊನೆಯ ಮನೆ ನೀಲಕ್ಕನದು. ಅವರ ಗಂಡ ಫೋರ್‌ಮನ್. ಮನೆಯಲ್ಲಿ ಅವರು, ಒಬ್ಬ ಮಗಳು, ಮುದಿ ಅತ್ತೆ. ನಾನು ಮದುವೆಗೆ ಮುಂಚೆ ಒಂಟಿಯಾಗಿ ಬಂದಾಗ ಎರಡು ವರ್ಷ ಊಟ ಹಾಕಿದ ಮನೆ ಅದು. ಜೋಳದ ರೊಟ್ಟಿಗೆ ಹಂಬಲಿಸಿ ಆ ಬಾಗಿಲಿಗೆ ಹೋದವನನ್ನು "ತಮ್ಮಾ" ಎಂದು ಕರೆದವರು ಅವರು. ಸಿಂಕಿನ ಕೆಳಗೆ ಪಾತ್ರೆ ಇಟ್ಟು ಅಕ್ಕಚ್ಚು ಹಿಡಿಯುವುದನ್ನು ನಾನು ನೋಡಿದ್ದು ಅಲ್ಲಿ. ಅವರ ಪಾತಿಗೆ ನಲ್ಲಿಯ ನೀರು ಒಂದು ಹನಿಯೂ ಬೀಳುತ್ತಿರಲಿಲ್ಲ. ಅಡುಗೆಮನೆಯ ನೀರು ಜಿನಿಯಾಕ್ಕೆ, ಅತ್ತೆ ಜಳಕ ಮಾಡಿದ ನೀರು ಕಣಗಿಲಕ್ಕೆ. ಎಲ್ಲರ ಪಾತಿ ಸುಟ್ಟು ಹೋದ ಮೇ ತಿಂಗಳಲ್ಲಿ ಆ ಮನೆಯ ಗೋಡೆ ಮಾತ್ರ ಹಬ್ಬದ ಸೀರೆ ಉಟ್ಟಂತಿರುತ್ತಿತ್ತು.

ಕಾಲೊನಿಯ ಕ್ಲಬ್ಬಿನವರು ವರ್ಷಕ್ಕೊಮ್ಮೆ ಹೂದೋಟದ ಸ್ಪರ್ಧೆ ಇಡುತ್ತಿದ್ದರು, ಅದೂ ಮೇ ತಿಂಗಳಲ್ಲಿ. ಥಂಡಿಯಲ್ಲಿ ಯಾರಾದರೂ ಹೂ ಬೆಳೆಯುತ್ತಾರೆ, ಬೇಸಿಗೆಯಲ್ಲಿ ಬೆಳೆದು ತೋರಿಸಿ ಎಂಬುದು ಆಗಿನ ದೊಡ್ಡ ಸಾಹೇಬರ ಹಟ. ಮೂರು ವರ್ಷ ಸತತವಾಗಿ ನೀಲಕ್ಕ ಗೆದ್ದರು. ನನ್ನ ಮದುವೆಯಾಗಿ ನಮಗೆ ಎಫ್ ಲೈನಿನಲ್ಲಿ ಮನೆ ಸಿಕ್ಕ ವರ್ಷ ಗಿರಿಜಾಳೂ ಪಾತಿ ಮಾಡಿದಳು. ಪರೀಕ್ಷೆಗೆ ಬಂದವರು ನಮ್ಮ ಮನೆಯ ಮುಂದೆ ನಿಲ್ಲದೆ ನಡೆದುಹೋದರು. ಅವರಿಗಾಗಿ ಮಾಡಿಟ್ಟಿದ್ದ ಶರಬತ್ತಿನ ಲೋಟಗಳ ತಟ್ಟೆಯನ್ನು ಹಿಡಿದುಕೊಂಡೇ ಅವಳು ಬಾಗಿಲಲ್ಲಿ ನಿಂತಿದ್ದಳು. ಆ ತಟ್ಟೆ ನನ್ನ ಕಣ್ಣಿನಿಂದ ಹೋಗಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಡೆದದ್ದು ಹೀಗೆ ಎಂದು ಹೇಳುತ್ತಿದ್ದೇನೆ. ಹೆಂಡತಿಯ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅನ್ನ ಹಾಕಿದವರ ಎದುರು ನಾವು ಯಾವಾಗಲೂ ಚಿಕ್ಕವರಾಗಿಯೇ ಇರಬೇಕೇ ಎಂಬ ಕಹಿಯೂ ಅದರಲ್ಲಿತ್ತು. ಎಷ್ಟು ಪಾಲು ಯಾವುದೆಂದು ಈಗ ಬೇರ್ಪಡಿಸಲಾರೆ.

ಪಂಪ್‌ಹೌಸಿನ ಕೆಲಸ ಹೀಗೆ: ಒಂದೊಂದು ಲೈನಿಗೆ ಒಂದೊಂದು ವಾಲ್ವ್, ನೆಲದೊಳಗಿನ ಗುಂಡಿಯಲ್ಲಿ. ಮೊಳಕಾಲೆತ್ತರದ ಕಬ್ಬಿಣದ ಚಾವಿ ಇಳಿಸಿ ತಿರುಗಿಸಬೇಕು. ಹದಿನಾಲ್ಕು ಸುತ್ತಿಗೆ ಪೂರ್ತಿ ತೆರೆಯುತ್ತದೆ. ಎಷ್ಟು ಸುತ್ತು ತೆರೆದಿದೆ ಎಂದು ಹೊರಗಿನಿಂದ ನೋಡಿದವರಿಗೆ ತಿಳಿಯದು. ಅದು ಚಾವಿ ಹಿಡಿದವನ ಕೈಗೆ ಮಾತ್ರ ಗೊತ್ತು. ಮರುವರ್ಷದ ಏಪ್ರಿಲ್ ಕೊನೆಯಲ್ಲಿ ಒಂದು ಮುಂಜಾನೆ ಸೀ ಲೈನಿಗೆ ಎಂಟು ಸುತ್ತು ತೆರೆದು ಚಾವಿ ಎತ್ತಿಕೊಂಡೆ. ಮೊದಲಿನ ಮನೆಗಳಿಗೆ ನೀರು ಸಣ್ಣಗೆ ಹೋಯಿತು. ಕೊನೆಯ ಮನೆಗೆ ಎರಡು ಬಕೆಟ್ಟಾದ ಮೇಲೆ ಗಾಳಿ ಬಂತು. ನಲ್ಲಿಯ ನೀರು ಕಡಿಮೆಯಾದರೆ ಅಕ್ಕಿ ತೊಳೆಯುವ ನೀರೂ ಕಡಿಮೆ, ಜಳಕದ ನೀರೂ ಕಡಿಮೆ. ನನಗೆ ಅದು ಗೊತ್ತಿತ್ತು. ಆ ಮನೆಯ ಪಾತಿ ಯಾವ ನೀರಿನಿಂದ ಬದುಕುತ್ತದೆ ಎಂದು ಕಾಲೊನಿಯಲ್ಲಿ ಬಲ್ಲವನು ನಾನೊಬ್ಬನೇ.

ಹದಿನೇಳು ದಿನ ಎಂಟು ಸುತ್ತು. ಅಷ್ಟರಲ್ಲಿ ಸೀ ಲೈನಿನವರು ದೂರು ಕೊಟ್ಟರು. ಓವರ್ಸಿಯರ್ ಪಂಪ್‌ಹೌಸಿಗೆ ಬಂದು ಮರಾಠಿಯಲ್ಲಿ ಕೇಳಿದರು, "ಕಾಯ್ ರೇ ಶಿವಪ್ಪಾ, ಸೀ ಲೈನ್‌ಲಾ ಪಾಣೀ ಕಾ ನಾಹೀ?" ಸೀ ಲೈನಿಗೆ ನೀರು ಯಾಕಿಲ್ಲ ಎಂಬ ಆ ನೇರ ಪ್ರಶ್ನೆಗೆ ನಾನು ಚಾವಿಯನ್ನು ಗೋಡೆಗೆ ಒರಗಿಸಿ ಹೇಳಿದೆ, "ಸಾಹೇಬ್, ಶೇವಟಚ್ಯಾ ಘರೀ ಬಾಗ್ ಆಹೇ." ಕೊನೆಯ ಮನೆಯಲ್ಲಿ ಹೂದೋಟ ಇದೆ. ಅಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ಹೇಳಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದೆನೋ ಏನೋ. ನಿಜವನ್ನು ಹೇಳಿ ಬಚಾವಾದೆ.

ಆಮೇಲಿನದನ್ನು ಲೈನಿನ ಮಂದಿಯೇ ಮಾಡಿದರು. ನೀರು ಹಿಡಿಯಲು ನಿಂತ ಹೆಂಗಸರಲ್ಲಿ ಒಬ್ಬಾಕೆ, "ನೀಲಾಬಾಯಿ, ಆಮ್ಚಾ ಚಹಾ ತುಮ್ಚ್ಯಾ ಝಾಡಾಂನೀ ಪ್ಯಾಲಾ," ಎಂದಳಂತೆ. ನಮ್ಮ ಚಹಾ ನಿಮ್ಮ ಗಿಡ ಕುಡಿದವು. ಎಲ್ಲರೂ ನಕ್ಕರಂತೆ, ನೀಲಕ್ಕನೂ ನಕ್ಕರಂತೆ. ಮರುದಿನ ಮುಂಜಾನೆ ಅವರು ಪಾತಿಯನ್ನು ತಮ್ಮ ಕೈಯಾರೆ ಕಿತ್ತರು. ಅರೆಜೀವವಾಗಿದ್ದ ಜಿನಿಯಾ, ಗ್ಯಾಲಾರ್ಡಿಯಾ, ಮೊಗ್ಗು ಹಿಡಿದಿದ್ದ ಗುಂಡುಹೂವು, ಎಲ್ಲವನ್ನೂ ಕಿತ್ತು ಗೇಟಿನ ಹೊರಗೆ, ಎಲ್ಲರಿಗೂ ಕಾಣುವಂತೆ ರಾಶಿ ಹಾಕಿದರು.

ಆ ರಾಶಿಯನ್ನು ನಾನು ಸೈಕಲ್ಲಿನಲ್ಲಿ ಹೋಗುತ್ತಾ ನೋಡಿದೆ. ನೆಟ್ಟಗೆ ಪಂಪ್‌ಹೌಸಿಗೆ ಹೋಗಿ ಸೀ ಲೈನಿನ ವಾಲ್ವನ್ನು ಹದಿನಾಲ್ಕು ಸುತ್ತು ತೆರೆದೆ. ತಪ್ಪನ್ನು ಸರಿಮಾಡಿದೆ ಎಂದುಕೊಂಡೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಬೆಳಿಗ್ಗೆ ತೋಟ ಹೋಯಿತು, ಸಂಜೆಗೆ ಲೈನಿನ ಎಲ್ಲ ನಲ್ಲಿಗಳಲ್ಲಿ ನೀರು ಭೋರ್ಗರೆದು ಬಂತು. ಇನ್ನಾವ ಪುರಾವೆ ಬೇಕು? ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಅಂದು ಸಂಜೆ ಎಲ್ಲರ ಬಾಯಲ್ಲಿ ಸತ್ಯವಾಯಿತು. ಒಂದು ವಾರ ತಡೆದಿದ್ದರೆ, ಒಂದೊಂದೇ ಸುತ್ತು ತೆರೆದಿದ್ದರೆ ಅವರ ಹೆಸರಾದರೂ ಉಳಿಯುತ್ತಿತ್ತು. ಪಶ್ಚಾತ್ತಾಪಕ್ಕೂ ಒಂದು ನಿಧಾನ ಬೇಕು ಎಂದು ನನಗೆ ತಿಳಿದಿರಲಿಲ್ಲ. ನನ್ನ ಎದೆ ಹಗುರಾದರೆ ಸಾಕಾಗಿತ್ತು.

ಆ ವರ್ಷ ಗಿರಿಜಾಳ ಪಾತಿಗೆ ಮೊದಲ ಬಹುಮಾನ ಬಂತು. ಮಗ್ಗುಲಲ್ಲಿ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಕೊರೆದ ಒಂದು ಸ್ಟೀಲಿನ ಡಬರಿ. ಬಹುಮಾನ ಹಂಚುವ ದಿನ ನೀಲಕ್ಕ ಬಂದು ಗಿರಿಜಾಳ ಕೈ ಹಿಡಿದು, "ಬರೋಬರ್ ಆತು ನೋಡು, ನಮ್ಮ ಮಂದಿ ಮನ್ಯಾಗ ಉಳೀತು," ಎಂದರು. ಮರುವರ್ಷ ಅವರ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು.

ಹಬ್ಬ ಬಂದರೆ ಗಿರಿಜಾ ಆ ಡಬರಿಯಲ್ಲಿ ಗೋದಿ ಹುಗ್ಗಿ ಮಾಡುತ್ತಿದ್ದಳು. ನಾನು ಬಡಿಸಿಕೊಂಡು ತಿನ್ನುತ್ತಿದ್ದೆ. ನಿವೃತ್ತಿಯಾದ ಮೇಲೆ ಒಂದು ನಾಗರ ಪಂಚಮಿಯ ದಿನ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿ, ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು, "ನನಗ ಹೇಳಿ ಏನು ಬಂತು? ನಾ ಏನು ಆಕಿ ಹೂವಿನ ಗಿಡಾನ?" ಎಂದಳು. ಹುಗ್ಗಿಯನ್ನು ಬೇರೆ ಪಾತ್ರೆಗೆ ತೆಗೆದು, ಡಬರಿಯನ್ನು ತಿಕ್ಕಿ ತೊಳೆದು ಸಿಂಕಿನ ಕೆಳಗೆ ಇಟ್ಟಳು. ಅಂದಿನಿಂದ ಅದರಲ್ಲಿ ಅಡುಗೆಯಾಗಲಿಲ್ಲ. ಅಕ್ಕಚ್ಚು ಹಿಡಿಯುವ ರೂಢಿ ನಮ್ಮ ಮನೆಗೆ ಬಂದದ್ದು ಹೀಗೆ.

ಲಕ್ಷ್ಮೀ ನಗರ ನಮ್ಮ ಮನೆಯಿಂದ ಕಾಲುಗಂಟೆಯ ನಡಿಗೆ. ಮಾರ್ಚಿನಲ್ಲಿ ನಾಲ್ಕು ಸಲ ಹೋದೆ. ಬಿಸಿಲು ನೋಡಿದೆ, ಮಣ್ಣು ಅಗೆದೆ, ಜಿನಿಯಾ ಬೀಜ ಹಾಕಿದೆ. ಪ್ರತಿ ಸಲವೂ ಹೇಳಬೇಕೆಂದು ಹೋಗಿ ಗೊಬ್ಬರದ ಮಾತಾಡಿ ಬಂದೆ. ಎಂಬತ್ತರ ಜೀವ, ಇಷ್ಟು ವರ್ಷದ ಮೇಲೆ ಮತ್ತೆ ಹೂವಿನ ಆಸೆ ಪಟ್ಟಿದೆ; ಈಗ ಹೇಳಿದರೆ ನನ್ನ ಎದೆ ಹಗುರಾಗುತ್ತದೆ, ಅವರ ಪಾತಿ ಎರಡನೆಯ ಸಲ ಹಾಳಾಗುತ್ತದೆ. ಹೇಳದಿದ್ದರೆ ಅವರು ನನ್ನನ್ನು ಆಶೀರ್ವದಿಸುತ್ತಲೇ ಇರುತ್ತಾರೆ, ನಾನು ಅದನ್ನು ತೆಗೆದುಕೊಳ್ಳುತ್ತಲೇ ಇರಬೇಕು. ಈ ಎರಡರ ನಡುವೆ ಓಡಾಡುತ್ತಿದ್ದೆ. ಗಿರಿಜಾ ಒಂದು ದಿನ ಚಪ್ಪಲಿ ಮೆಟ್ಟುತ್ತಿದ್ದವನನ್ನು ತಡೆದಳು.

"ಇವತ್ತರೆ ಹೇಳತೀರೋ, ಮತ್ತ ಸಗಣಿ ಗೊಬ್ಬರದ ಪುರಾಣಾನೋ?"

"ಆಕಿಗೆ ತ್ರಾಸ ಆಗತೈತಿ."

"ಆಕಿಗೆ ತ್ರಾಸ ಆಗಿ ಮೂವತ್ತು ವರ್ಷ ಆತ್ರಿ. ಯಾರಿಂದ ಆತು ಅಂತ ಗೊತ್ತಿಲ್ಲ, ಅಷ್ಟ."

ಅಂದು ಏಪ್ರಿಲ್ ಮೊದಲ ವಾರದ ಸಂಜೆ. ಪೋರ್ಚುಲಾಕಾ ಕಡ್ಡಿಗಳು, ಗ್ಯಾಲಾರ್ಡಿಯಾ ಮತ್ತು ಗುಂಡುಹೂವಿನ ಸಸಿಗಳು. ನೀಲಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಪಾತಿಯ ಎದುರು ಕೂತು ಅಪ್ಪಣೆ ಕೊಡುತ್ತಿದ್ದರು. ಅದೆಲ್ಲಾ ಆವಾಗ ಎಂದವರಿಗೆ ಏನೂ ಮರೆತಿರಲಿಲ್ಲ. ನಾನು ಸಸಿಯ ಬುಡವನ್ನು ಮಣ್ಣಿನಲ್ಲಿ ಕೂರಿಸುತ್ತಿದ್ದಾಗ ಅವರು ನಕ್ಕರು.

"ನಿನ್ನ ಕೈ ಇನ್ನೂ ವಾಲ್ವ್ ತಿರವೂ ಕೈನ ನೋಡು. ಗಿಡಾನೂ ತಿರಿವಿ ತಿರಿವಿ ಹಚ್ಚತಿ."

ಕೈ ನಿಂತಿತು. ಎದ್ದರೆ ಹೇಳಲಾರೆನೆಂದು ಕೂತಲ್ಲಿಂದಲೇ, ಅವರ ಮುಖ ನೋಡದೆ, "ಅಕ್ಕಾರ, ಆ ವರ್ಷ ನಿಮ್ಮ ಲೈನಿನ ವಾಲ್ವ್ ನಾ ಪೂರ್ತಿ ತೆಗದಿರಲಿಲ್ಲ," ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಓವರ್ಸಿಯರ್‌ಗೆ ಹೇಳಿದ ಮಾತು, ರಾಶಿ ನೋಡಿ ಓಡಿಹೋಗಿ ತೆರೆದದ್ದು, ಎಲ್ಲ.

ಒಳಗೆ ಕೂಲರ್ ಗರಗರ ಎನ್ನುತ್ತಿತ್ತು. ಅವರು ಕೇಳಿದರು.

"ಎಷ್ಟು ತೆಗದಿದ್ದಿ?"

"ಎಂಟು ಸುತ್ತು. ಹದಿನಾಕು ತೆಗೀಬೇಕಿತ್ತು."

"ಎಷ್ಟು ದಿನ?"

"ಹದಿನೇಳು."

"ಗಿರಿಜಾಗ ಬಹುಮಾನ ಬರಲಿ ಅಂತ?"

"ಅದೂ ಇತ್ರಿ. ಬ್ಯಾರೇನೂ ಇತ್ತು. ನಿಮ್ಮ ಅನ್ನ ಉಂಡಿದ್ದೆ, ಅದು ಸಿಟ್ಟಾಗಿತ್ತು."

ಅವರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಹೂವಿಂದು ಬಿಡು," ಎಂದರು. "ಮಂದಿ ಅಂದದ್ದೂ ಬಿಡು, ಮಂದಿ ಒಂದಿಲ್ಲಾ ಒಂದು ಅಂತಾರ. ಮಂದಿ ಮಾತು ಕೇಳಿ ಕೇಳಿ ನನಗೂ ಖರೇನ ಅನಸಿಬಿಟ್ಟಿತ್ತೋ ತಮ್ಮಾ, ನಮ್ಮನ್ಯಾಗ ನೀರು ಭಾಳ ಖರ್ಚ ಆಗತೈತಿ ಅಂತ. ನಮ್ಮತ್ತಿಗೆ ಹೇಳಿದೆ, ಎರಡ ತಂಬಿಗಿ ನೀರಾಗ ಜಳಕಾ ಮುಗಸ್ರಿ ಅಂತ. ಅಂಥಾ ಬಿಸಲಾಗ. ಆವಾಗ ಆಕಿಗೆ ಈಗ ನನ್ನಷ್ಟ ವಯಸ್ಸು. 'ಲಿಂಗಪೂಜಾಕ್ಕ ಕೂಡೂ ಮುಂದ ಮೈ ಒದ್ದಿ ಆದ್ರ ಸಾಕಲ್ಲವಾ' ಅಂದಳು, ನಕ್ಕಳು."

ನಾನು ಮಣ್ಣನ್ನೇ ನೋಡುತ್ತಿದ್ದೆ. ಆ ಮುದುಕಿ ನನಗೆ ಎಷ್ಟೋ ಸಲ ರೊಟ್ಟಿಗೆ ಬೆಣ್ಣೆ ಹಾಕಿದ್ದರು.

"ನೀರು ಬಂತಲ್ಲ ಆಮ್ಯಾಲೆ," ನೀಲಕ್ಕ ಮುಂದುವರಿಸಿದರು, "ಆಮ್ಯಾಲೂ ಆಕಿ ಎರಡ ತಂಬಿಗಿನ ಹಾಕ್ಕೋತಿದ್ದಳು. ಈಗ ನೀರೈತ್ರಿ, ಆರಾಮ ಮಾಡ್ರಿ ಅಂತ ನಾ ಹೇಳಬೇಕಾಗಿತ್ತು. ಹೇಳಲಿಲ್ಲ. ಸಿಟ್ಟಿನ್ಯಾಗಿದ್ದೆ. ದೀಪಾವಳಿ ಮುಂದ ಹೋದಳು. ಅದು ನಿಂದಲ್ಲ, ಅದು ನಂದು. ನಿಂದು ಆರು ಸುತ್ತು ಅಷ್ಟ."

ನನ್ನ ತಪ್ಪಿಗೆ ಒಂದು ಗಡಿ ಇದೆಯೆಂದು ಇಷ್ಟು ವರ್ಷ ತಿಳಿದಿದ್ದೆ: ಒಂದು ಪಾತಿ, ಒಂದು ಹೆಸರು, ಒಂದು ಬಹುಮಾನ. ಅದು ಗೋಡೆ ದಾಟಿ ಬಚ್ಚಲಿನವರೆಗೆ ಹೋಗಿತ್ತೆಂದು ಅಂದು ತಿಳಿಯಿತು. ನೀರು ಎಲ್ಲಿಗೆ ಹೋಗುತ್ತದೆ ಎಂದು ಬಲ್ಲವನೆಂದು ಹೇಳಿಕೊಂಡವನು, ನೀರು ಹೋಗದಿದ್ದರೆ ಅದರ ಪೆಟ್ಟು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ.

ನಾನು ಏಳಲು ಹೋದೆ. "ಎಲ್ಲಿ ಹೊಂಟಿ? ಪೂರಾ ಹಚ್ಚು," ಎಂದರು. ಹಚ್ಚಿದೆ. ಕೊನೆಗೆ ಮೂಲೆಯಲ್ಲಿ ಗುಂಡುಹೂವಿಗೆಂದು ಬಿಟ್ಟಿದ್ದ ಎರಡು ಗೇಣು ಜಾಗ ಉಳಿಯಿತು. ಕೈಯಲ್ಲಿ ಸಸಿಯೂ ಇತ್ತು.

"ಅಲ್ಲಿ ಬ್ಯಾಡ," ಎಂದರು. "ಅದು ಖಾಲಿನ ಇರಲಿ. ನಮ್ಮತ್ತಿಗೆ ಸೇವಂತಗಿ ಸೇರತಿತ್ತು. ಬ್ಯಾಸಗ್ಯಾಗ ಅದು ಬರೂದಿಲ್ಲ."

"ಮಳಿಗಾಲಕ್ಕ ಹಚ್ಚೂಣೇನ್ರಿ?"

"ಮಳಿಗಾಲಕ್ಕ ನಾ ಇದ್ರ ನೋಡೂಣು." ಪಾತಿಯ ಉದ್ದಕ್ಕೂ ಕಣ್ಣಾಡಿಸಿ, "ಮತ್ತ ಇದಕ್ಕೆಲ್ಲಾ ನೀರು ಯಾರು ಹಾಕವ್ರು? ನನಗ ಬಗ್ಗಾಕ ಬರೂದಿಲ್ಲ. ದಿನಾ ನೀನ ಬರಬೇಕು. ಪೂರ್ತಿ ಹಾಕಬೇಕು, ತಿಳೀತೇನು?" ಎಂದರು.

ತಿಳಿಯಿತು.

ಮರುದಿನ ಹೊರಡುವ ಹೊತ್ತಿಗೆ ಗಿರಿಜಾ ಡಬರಿಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಬಾಗಿಲಲ್ಲಿ ಇಟ್ಟಿದ್ದಳು. ಅದನ್ನು ಹೊತ್ತುಕೊಂಡು ನಡೆದೆ. ನೀಲಕ್ಕ ಅದನ್ನು ಮಡಿಲಿನಲ್ಲಿಟ್ಟು ಚುಕ್ಕೆ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಗಿರಿಜಾನ ಹೆಸರು ಐತಲ್ಲೋ ಇದರ ಮ್ಯಾಲ?" ಎಂದರು. ಅವಳೇ ಕೊಟ್ಟಳು ಎಂದೆ. "ಇರಲಿ ಬಿಡು, ನೀರಿಗೇನು ಓದಾಕ ಬರತೈತಿ?" ಎಂದು ಮಗಳನ್ನು ಕೂಗಿ ಸಿಂಕಿನ ಕೆಳಗೆ ಇಡಿಸಿದರು.

ಈಗ ನವತಪಾ ನಡೆದಿದೆ. ದಿನಾ ಸಂಜೆ ಲಕ್ಷ್ಮೀ ನಗರಕ್ಕೆ ಹೋಗಿ ಅವರ ಮನೆಯ ಅಕ್ಕಚ್ಚನ್ನು ಅವರ ಪಾತಿಗೆ ಹಾಕಿ ಬರುತ್ತೇನೆ. ಪೋರ್ಚುಲಾಕಾ ಅಂಚು ತುಂಬಿದೆ; ನಾನು ಹೋಗುವ ಹೊತ್ತಿಗೆ ಅದು ಮುಚ್ಚಿರುತ್ತದೆ, ತೆರೆದದ್ದನ್ನು ನೋಡುವ ಭಾಗ್ಯ ಅವರದು. ಜಿನಿಯಾ ಎದೆಯೆತ್ತರಕ್ಕೆ ಬಂದು ಕೆಂಪು ಕಿತ್ತಳೆಯಾಗಿ ನಿಂತಿದೆ. ಗುಂಡುಹೂವಿನಲ್ಲಿ ನಾಲ್ಕು ಸತ್ತವು, ಉಳಿದವು ಚೆನ್ನಾಗಿವೆ. ಹಾದು ಹೋಗುವವರು ನಿಂತು ನೋಡುತ್ತಾರೆ, ಒಬ್ಬಿಬ್ಬರು ಆ ಮೂಲೆಯನ್ನು ತೋರಿಸಿ, "ಅಲ್ಲೊಂದು ಖಾಲಿ ಉಳಿದಿದೆಯಲ್ಲ" ಎನ್ನುತ್ತಾರೆ. ಹೌದು ಎನ್ನುತ್ತೇನೆ. ಎಲ್ಲಕ್ಕೂ ನೀರು ಹಾಕಿದ ಮೇಲೆ ಅಲ್ಲಿಗೂ ಎರಡು ತಂಬಿಗೆ ಹಾಕುತ್ತೇನೆ. ನೀಲಕ್ಕ ಒಂದು ದಿನ ಅದನ್ನು ಕುರ್ಚಿಯಿಂದ ನೋಡಿದರು. ಕ್ಷಮಿಸಿದೆ ಎಂದು ಅವರು ಹೇಳಿಲ್ಲ, ನಾನು ಕೇಳಿಲ್ಲ. ನಿನ್ನೆ ಮಾತ್ರ, "ಇವತ್ತ ಅನ್ನ ಕಡಿಮಿ ಮಾಡೀವಿ, ನೀರು ಸಾಲಾಕಿಲ್ಲ, ಮನಿಯಿಂದ ಒಂದು ಕ್ಯಾನು ತಗೊಂಡು ಬಾ," ಎಂದು ಫೋನು ಮಾಡಿದ್ದರು.

ಕ್ಯಾನು ತುಂಬಲು ಅಡುಗೆಮನೆಗೆ ಹೋದೆ. ಡಬರಿ ಇದ್ದ ಕಡೆ ನೆಲದ ಮೇಲೆ ದುಂಡಗೆ ಒಂದು ಬಿಳಿ ಗುರುತು ಉಳಿದಿದೆ, ವರ್ಷಗಟ್ಟಲೆ ಒದ್ದೆ ತಳ ಕೂತು ಕೂತು ಹಿಡಿದ ಸುಣ್ಣದ ಗುರುತು. ಗಿರಿಜಾ ಎರಡು ಸಲ ತಿಕ್ಕಿ ನೋಡಿದಳು, ಹೋಗಲಿಲ್ಲ. ಈಗ ಅದರ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದಾಳೆ. ಅಕ್ಕಚ್ಚು ಅದರಲ್ಲಿ ಬೀಳುತ್ತದೆ. ಬಕೆಟ್ಟಿನ ತಳ ಡಬರಿಯದಕ್ಕಿಂತ ಸಣ್ಣದು. ಸುತ್ತಲೂ ಬೆರಳಗಲ ಗುರುತು ಕಾಣುತ್ತಲೇ ಇರುತ್ತದೆ.